ತೆರೆ ಕಪ್ಪಾಗುವುದೇಕೆ?

ವಿದ್ಯಾರ್ಥಿಯೊಬ್ಬನು ತನ್ನ ಲಿನಕ್ಸ್ ಗಣಕಕ್ಕೆ ಗ್ರಾಫಿಕ್ಸ್ ಕಾರ್ಡಿನ ತಯಾರಕರ ಚಾಲಕವನ್ನು, ಎಂದರೆ ಡ್ರೈವರನ್ನು, ಕೈಯಾರೆ ಅಳವಡಿಸುತ್ತಾನೆ. ಎಲ್ಲವೂ ಸುಗಮವಾಗಿ ನಡೆಯುತ್ತದೆ. ಕೆಲವು ದಿನಗಳ ತರುವಾಯ ಲಿನಕ್ಸನ್ನು ನವೀಕರಿಸಿ ಗಣಕವನ್ನು ಮತ್ತೆ ಚಾಲೂ ಮಾಡಿದರೆ ತೆರೆಯೆಲ್ಲ ಕಪ್ಪು! ಬೆಲೆಬಾಳುವ ಕಾರ್ಡು ಕೆಟ್ಟಿತೆಂದು ಅವನು ಎದೆಗುಂದುತ್ತಾನೆ. ಆದರೆ ಕಾರ್ಡಿಗೆ ಏನೂ ಆಗಿರುವುದಿಲ್ಲ. ಆದುದೇನೆಂಬುದನ್ನು ನಾವು ಈಗ ವಿಚಾರಿಸೋಣ.

ಲಿನಕ್ಸಿನ ತಿರುಳಿಗೆ ಕರ್ನೆಲ್ ಎಂದು ಹೆಸರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಇದನ್ನು ಆರಂಭಿಸಿದರು. ಕರ್ನೆಲಿಗೂ ಕಾರ್ಡಿಗೂ ನಡುವೆ ನಿಂತು ಮಾತನಾಡುವ ದುಭಾಷಿಯೇ ಚಾಲಕ. ಕರ್ನೆಲಿನ ಒಳಗಿನ ವ್ಯವಹಾರಕ್ರಮವು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ. ಎನ್ವಿಡಿಯಾ ಕಾರ್ಡುಗಳಿಗಾಗಿ ಕರ್ನೆಲಿನಲ್ಲಿಯೇ ಇರುವ ನೂವೋ ಎಂಬ ಮುಕ್ತ ಚಾಲಕವನ್ನು, ಅಂತಹ ಬದಲಾವಣೆಯಾದಾಗ, ಕರ್ನೆಲಿನವರೇ ತಿದ್ದುತ್ತಾರೆ. ತಯಾರಕರ ಚಾಲಕವಾದರೋ ಹೊರಗಿನದು. ಎನ್ವಿಡಿಯಾ ಸಂಸ್ಥೆಯು 2022ರಲ್ಲಿ ಹೊಸ ಕಾರ್ಡುಗಳ ಕರ್ನೆಲ್ ಘಟಕದ ಮೂಲವನ್ನು ಪ್ರಕಟಿಸಿತಾದರೂ ಚಾಲಕದ ಉಳಿದ ಭಾಗಗಳ ಮೂಲವು ಇಂದಿಗೂ ಗುಪ್ತವಾಗಿದೆ.

ಹೊರಗಿನ ಘಟಕವನ್ನು ಆಯಾ ಕರ್ನೆಲಿನ ಅಳತೆಗೆ ಸಿದ್ಧಪಡಿಸಬೇಕಾಗುತ್ತದೆ. ಕರ್ನೆಲು ಬದಲಾದರೆ ಹಳೆಯ ಘಟಕವು ಅದಕ್ಕೆ ಒಗ್ಗದು. ಹೊರಗಿನ ಚಾಲಕವನ್ನು ಸೇರಿಸುವಾಗ ನೂವೋವನ್ನು ತಡೆದಿಟ್ಟಿರುವುದರಿಂದ ಅದೂ ನೆರವಿಗೆ ಬಾರದು. ಹೀಗೆ ದುಭಾಷಿಯೇ ಇಲ್ಲದಂತಾಗಿ ತೆರೆ ಕಪ್ಪಾಗುತ್ತದೆ.

ಹಾಗಾದರೆ ಉಪಾಯವೇನು? ಕುಡಾ ಮುಂತಾದ ಗಣನ ಸಾಧನಗಳಿಗೆ ತಯಾರಕರ ಚಾಲಕವೇ ಬೇಕು. ಆದುದರಿಂದ ಅದನ್ನು ಬಿಡುವುದಲ್ಲ, ಸರಿಯಾದ ದಾರಿಯಿಂದ ತರುವುದು ಲೇಸು. ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’ ಎಂಬಲ್ಲಿ ಶಿಫಾರಸು ಮಾಡಿರುವ ಚಾಲಕವನ್ನು ಆರಿಸಬೇಕು. ಆಗ ಪ್ರತಿ ಹೊಸ ಕರ್ನೆಲಿಗೂ ತಕ್ಕ ಘಟಕವು ಸಿದ್ಧರೂಪದಲ್ಲಿ ಬಂದು ಸೇರುತ್ತದೆ. ಇಲ್ಲವೇ ಡಿಕೆಎಂಎಸ್ ಎಂಬ ಸಾಧನವು ಅದನ್ನು ನಮ್ಮ ಗಣಕದಲ್ಲಿಯೇ ನಿರ್ಮಿಸುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಸೆಕ್ಯೂರ್ ಬೂಟ್ ಜಾರಿಯಲ್ಲಿದ್ದರೆ, ನಂಬಿಕೆಯ ರುಜುವಿಲ್ಲದ ಘಟಕವನ್ನು ಕರ್ನೆಲು ಒಳಗೆ ಬಿಡದು. ಅದಕ್ಕಾಗಿಯೇ ಅಳವಡಿಸುವಾಗ ಕೆಲವೊಮ್ಮೆ ಒಂದು ಗುಪ್ತಪದವನ್ನು ಕೇಳಲಾಗುತ್ತದೆ. ಮರು ಆರಂಭದಲ್ಲಿ ಬರುವ ನೀಲಿ ತೆರೆಯಲ್ಲಿ ಅದನ್ನೇ ಕೊಟ್ಟು ರುಜುವಿನ ಕೀಲಿಯನ್ನು ನೋಂದಾಯಿಸಬೇಕು. ಅವಸರದಲ್ಲಿ ಇದನ್ನು ದಾಟಿಬಿಟ್ಟರೆ ಶ್ರಮವೆಲ್ಲ ವ್ಯರ್ಥ.

ಇಷ್ಟಾದರೂ ತೆರೆ ಕಪ್ಪಾದರೆ ಅಂಜಬೇಕಾದುದಿಲ್ಲ. ಹಳೆಯ ಕರ್ನೆಲು ಸಾಮಾನ್ಯವಾಗಿ ಗಣಕದಲ್ಲಿಯೇ ಉಳಿದಿರುತ್ತದೆ. ಆರಂಭದ ಪಟ್ಟಿಯಲ್ಲಿ ಅದನ್ನು ಆರಿಸಿ ಒಳಹೊಕ್ಕು ಚಾಲಕವನ್ನು ಸರಿಪಡಿಸಬಹುದು. ಕಾರಣವನ್ನು ಅರಿತವನಿಗೆ ಕಪ್ಪು ತೆರೆಯೂ ಒಂದು ಪಾಠವೇ ಸರಿ.