ಮಳೆಗೆ ಹೆಸರು ಕೊಟ್ಟ ಆರಿದ್ರಾಗೆ ಈಗ ಮುಪ್ಪು: ನಕ್ಷತ್ರ ಹುಟ್ಟೋದು, ಸಾಯೋದು ಹೇಗೆ?

ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. ಈ ಹೆಸರು ಕೇಳಿದ ತಕ್ಷಣ ನಮ್ಮ ತಾಲ್ಲೂಕಿನ ಯಾರಿಗಾದರೂ ನೆನಪಾಗೋದು ಮಳೆ. ರೈತರು ಬಿತ್ತನೆಗೆ ನೋಡೋದು ಈ ಲೆಕ್ಕ, ಬೀಜ ಗೊಬ್ಬರದ ಅಂಗಡಿಯವರು ಸ್ಟಾಕ್ ತರಿಸೋದೂ ಇದೇ ಲೆಕ್ಕ. ಆದರೆ ಇವು ಮಳೆಯ ಹೆಸರಾಗೋಕೆ ಮೊದಲು ಆಕಾಶದ ನಕ್ಷತ್ರಗಳ ಹೆಸರು. ಹೈಸ್ಕೂಲ್ ಮಕ್ಕಳು ಓದೋ 'ನಕ್ಷತ್ರಗಳ ಜೀವನ ಚಕ್ರ' ಅರ್ಥ ಆಗಬೇಕು ಅಂದ್ರೆ ಈ ಮಳೆ ನಕ್ಷತ್ರಗಳನ್ನೇ ನೋಡಿದರೆ ಸಾಕು.

ಆದರೆ ಆರಿದ್ರಾ ಮಳೆ ಹೊಡೆಯೋ ಹೊತ್ತಲ್ಲಿ, ಅಂದರೆ ಜೂನ್ ಕೊನೆ ವಾರದಿಂದ ಜುಲೈ ಮೊದಲ ವಾರದವರೆಗೆ, ಮೋಡ ಇಲ್ಲದಿದ್ದರೂ ಆರಿದ್ರಾ ನಕ್ಷತ್ರ ಕಾಣಲ್ಲ. ಆ ದಿನಗಳಲ್ಲಿ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ, ನಕ್ಷತ್ರ ಹಗಲಿನ ಬೆಳಕಲ್ಲಿ ಮುಚ್ಚಿಹೋಗುತ್ತೆ. ಸೂರ್ಯ ಆ ಭಾಗದಲ್ಲಿ ಇರುವ 13-14 ದಿನಕ್ಕೇ ಆ ಮಳೆ ಅಂತ ಹೆಸರು. ನಕ್ಷತ್ರವನ್ನೇ ನೋಡಬೇಕಾದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ 9 ಗಂಟೆ ಹೊತ್ತಿಗೆ ಹೊರಗೆ ಬನ್ನಿ. ಪೂರ್ವದಿಂದ ನೆತ್ತಿ ಕಡೆಗೆ ಕಣ್ಣಾಡಿಸಿದರೆ ಒಂದೇ ಸಾಲಲ್ಲಿ ಮೂರು ನಕ್ಷತ್ರ ಕಾಣುತ್ತವೆ. ಇದು ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜದ ಸೊಂಟಪಟ್ಟಿ. ಇದರ ಸುತ್ತಮುತ್ತಲೇ ನಕ್ಷತ್ರದ ಹುಟ್ಟು, ಪ್ರಾಯ, ಮುಪ್ಪು, ಸಾವು ಎಲ್ಲವೂ ಇದೆ.

ಹೆರಿಗೆ ಮನೆ

ಆ ಮೂರು ನಕ್ಷತ್ರಗಳ ದಕ್ಷಿಣಕ್ಕೆ ಸ್ವಲ್ಪ ಮಂಜು ಮಂಜಾದ ಒಂದು ಚುಕ್ಕೆ ಇದೆ. ಅದು ಓರಿಯನ್ ನೀಹಾರಿಕೆ, ಸುಮಾರು 1,300 ಜ್ಯೋತಿರ್ವರ್ಷ ದೂರ. ಬರೀ ಅನಿಲ ಮತ್ತು ಧೂಳಿನ ಮೋಡ. ಈ ಮೋಡದ ಕೆಲವು ಭಾಗ ತನ್ನದೇ ಗುರುತ್ವದಿಂದ ಕುಸಿಯುತ್ತಾ ಹೋಗುತ್ತೆ. ಕುಸಿದಷ್ಟೂ ಒಳಗೆ ಬಿಸಿ. ನಡುವಿನ ಶಾಖ ಸುಮಾರು 1 ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಬೆಸೆದು ಹೀಲಿಯಂ ಆಗೋಕೆ ಶುರುವಾಗುತ್ತೆ. ಅಲ್ಲಿಗೆ ನಕ್ಷತ್ರ ಹುಟ್ಟಿತು ಅಂತ ಲೆಕ್ಕ. ಈ ನೀಹಾರಿಕೆಯಲ್ಲಿ ಇವತ್ತಿಗೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ.

ಕೃತ್ತಿಕೆಯ ಗುಂಪು ಹುಟ್ಟಿ ಸುಮಾರು 10 ಕೋಟಿ ವರ್ಷ ಆಗಿದೆ. ಕೇಳೋಕೆ ಜಾಸ್ತಿ ಅನಿಸುತ್ತೆ. ಆದರೆ ನಮ್ಮ ಸೂರ್ಯನ ವಯಸ್ಸು 460 ಕೋಟಿ ವರ್ಷ. ಆ ಲೆಕ್ಕದಲ್ಲಿ ಕೃತ್ತಿಕೆ ಇನ್ನೂ ಮಕ್ಕಳೇ.

ತಕ್ಕಡಿ ಸಮ ಇರೋವರೆಗೆ

ಸೂರ್ಯ ಈಗ ನಡುವಯಸ್ಸಿನಲ್ಲಿದ್ದಾನೆ. ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತಿದೆ. ಗುರುತ್ವ ಒಳಕ್ಕೆ ಒತ್ತುತ್ತೆ, ಒಳಗಿನ ಶಾಖ ಹೊರಕ್ಕೆ ತಳ್ಳುತ್ತೆ. ತಕ್ಕಡಿ ಸಮ ಇರೋವರೆಗೆ ನಕ್ಷತ್ರ ಆರಾಮಾಗಿರುತ್ತೆ. ಸೂರ್ಯನಿಗೆ ಇನ್ನೂ ಸುಮಾರು 500 ಕೋಟಿ ವರ್ಷದ ಸರಕು ಇದೆ.

ಇಲ್ಲಿ ಮಕ್ಕಳು ತಪ್ಪಾಗಿ ಬರೆಯೋ ಒಂದು ಪಾಯಿಂಟ್ ಇದೆ. ದೊಡ್ಡ ನಕ್ಷತ್ರದ ಹತ್ತಿರ ಜಾಸ್ತಿ ಇಂಧನ, ಹಾಗಾಗಿ ಜಾಸ್ತಿ ಬದುಕುತ್ತೆ ಅಂತ. ಉಲ್ಟಾ. ಬಂಡವಾಳ ಹತ್ತು ಪಟ್ಟು ಇದ್ದರೂ ದಿನದ ಖರ್ಚು ಸಾವಿರಾರು ಪಟ್ಟು ಇದ್ದರೆ ಅಂಗಡಿ ಎಷ್ಟು ದಿನ ನಡೆದೀತು? ನಕ್ಷತ್ರದ ಕಥೆಯೂ ಅಷ್ಟೇ. ಭಾರಿ ನಕ್ಷತ್ರಗಳು ಕೆಲವೇ ಕೋಟಿ ವರ್ಷದಲ್ಲಿ ಬಾಗಿಲು ಹಾಕುತ್ತವೆ. ಸೂರ್ಯನಿಗಿಂತ ತುಂಬಾ ಚಿಕ್ಕದಾದ ಕೆಂಪು ಕುಬ್ಜಗಳು ಮಿತವಾಗಿ ಉರಿದು ಲಕ್ಷಾಂತರ ಕೋಟಿ ವರ್ಷ ಬಾಳುತ್ತವೆ. ವಿಶ್ವದ ವಯಸ್ಸೇ 1,380 ಕೋಟಿ ವರ್ಷ. ಹಾಗಾಗಿ ಒಂದೇ ಒಂದು ಕೆಂಪು ಕುಬ್ಜಕ್ಕೂ ವಯಸ್ಸಾಗಿ ಸಾಯೋ ಕಾಲ ಇನ್ನೂ ಬಂದಿಲ್ಲ.

ಹುಟ್ಟುವಾಗಿನ ತೂಕವೇ ನಕ್ಷತ್ರದ ಹಣೆಬರಹ. ಪಾಠದಲ್ಲಿ ಇದೊಂದು ನೆನಪಿಟ್ಟರೆ ಉಳಿದದ್ದು ತಾನಾಗಿ ಬರುತ್ತೆ.

ರೋಹಿಣಿ: ಸೂರ್ಯನ ನಾಳೆ

ಸೊಂಟಪಟ್ಟಿಯ ಗೆರೆಯನ್ನು ವಾಯವ್ಯಕ್ಕೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ ಸಿಗುತ್ತೆ. ಸುಮಾರು 65 ಜ್ಯೋತಿರ್ವರ್ಷ ದೂರ. ತೂಕ ಸೂರ್ಯನಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೆ ನಡುವಿನ ಹೈಡ್ರೋಜನ್ ಖಾಲಿಯಾಗಿ, ಉಬ್ಬಿ, ಸೂರ್ಯನ 40 ಪಟ್ಟಿಗೂ ಹೆಚ್ಚು ಅಗಲ ಆಗಿದೆ. ಇದನ್ನೇ ಕೆಂಪು ದೈತ್ಯ ಅನ್ನೋದು. ಸೂರ್ಯನೂ ಒಂದು ದಿನ ಹೀಗೇ ಉಬ್ಬಿ ಬುಧ, ಶುಕ್ರ ಗ್ರಹಗಳನ್ನು ನುಂಗುತ್ತಾನೆ. ಅದಕ್ಕೂ ಎಷ್ಟೋ ಮೊದಲೇ ಭೂಮಿಯ ಸಮುದ್ರಗಳು ಬತ್ತಿಹೋಗಿರುತ್ತವೆ.

ಕೊನೆಗೆ ಹೊರಗಿನ ಪದರ ಕಳಚಿ ತಿರುಳು ಮಾತ್ರ ಉಳಿಯುತ್ತೆ. ಅದೇ ಶ್ವೇತ ಕುಬ್ಜ. ಸೊಂಟಪಟ್ಟಿಯ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ರಾತ್ರಿಯ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ, ಅಂದರೆ ಸಿರಿಯಸ್ ಕಾಣುತ್ತೆ. ಅದರ ಜೊತೆ ಬರಿಗಣ್ಣಿಗೆ ಕಾಣದ ಒಂದು ಶ್ವೇತ ಕುಬ್ಜ ಇದೆ. ಗಾತ್ರ ಭೂಮಿಯಷ್ಟು, ತೂಕ ಸೂರ್ಯನಷ್ಟು. ಅದರಿಂದ ಒಂದು ಟೀ ಚಮಚ ಸರಕು ತೆಗೆದು ತೂಗಿದರೆ ಹತ್ತು ಟನ್ ದಾಟುತ್ತೆ.

ಶ್ವೇತ ಕುಬ್ಜದ ತೂಕಕ್ಕೂ ಒಂದು ಮಿತಿ ಇದೆ, ಸೂರ್ಯನ ಸುಮಾರು 1.4 ಪಟ್ಟು. ಇದನ್ನು ಲೆಕ್ಕ ಹಾಕಿದ್ದು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ ಓದೋಕೆ ಅಂತ ಇಂಗ್ಲೆಂಡಿಗೆ ಹಡಗಲ್ಲಿ ಹೋಗುವಾಗ ಈ ಲೆಕ್ಕ ಶುರು ಮಾಡಿದರು. ಆಗ ವಯಸ್ಸು 19. ದೊಡ್ಡ ವಿಜ್ಞಾನಿಗಳೇ ಮೊದಲು ಒಪ್ಪಲಿಲ್ಲ. 1983ರಲ್ಲಿ ನೊಬೆಲ್ ಬಂತು.

ಆರಿದ್ರಾ: ಯಾವಾಗ ಬೇಕಾದರೂ

ಮೂರು ನಕ್ಷತ್ರಗಳ ಉತ್ತರಕ್ಕಿರುವ ಕೆಂಪು ನಕ್ಷತ್ರವೇ ಆರಿದ್ರಾ, ಇಂಗ್ಲಿಷಿನಲ್ಲಿ ಬೀಟಲ್‌ಜ್ಯೂಸ್. ಸೂರ್ಯನ ಜಾಗದಲ್ಲಿ ಇದನ್ನಿಟ್ಟರೆ ಭೂಮಿ, ಮಂಗಳ ಎರಡೂ ಇದರ ಹೊಟ್ಟೆಯೊಳಗೆ. ವಯಸ್ಸು ಮಾತ್ರ ಸುಮಾರು 1 ಕೋಟಿ ವರ್ಷ. ಕೃತ್ತಿಕೆಗಿಂತ ಎಷ್ಟೋ ಚಿಕ್ಕದು, ಆದರೂ ಮುಪ್ಪು ಬಂದಿದೆ. ಕಾರಣ ಅದೇ, ತೂಕ.

2019ರ ಕೊನೆಯಲ್ಲಿ ಇದು ಮಂಕಾಗುತ್ತಾ ಬಂದು 2020ರ ಫೆಬ್ರವರಿ ಹೊತ್ತಿಗೆ ಬೆಳಕು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಇನ್ನೇನು ಸಿಡಿಯುತ್ತೆ ಅಂತ ಜಗತ್ತಿನ ತುಂಬಾ ಸುದ್ದಿ. ಆಮೇಲೆ ಗೊತ್ತಾಗಿದ್ದು, ನಕ್ಷತ್ರವೇ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಅಡ್ಡ ಬಂದಿತ್ತು ಅಂತ. ಮತ್ತೆ ಬೆಳಕು ಬಂತು.

ಸಿಡಿಯೋದಂತೂ ಖಂಡಿತ. ಮುಂದಿನ ಒಂದು ಲಕ್ಷ ವರ್ಷದೊಳಗೆ ಅನ್ನೋದು ವಿಜ್ಞಾನಿಗಳ ಅಂದಾಜು. ಇಂಥ ನಕ್ಷತ್ರದ ಒಳಗೆ ಹೀಲಿಯಂ, ಕಾರ್ಬನ್, ಆಮ್ಲಜನಕ ಹೀಗೆ ಒಂದೊಂದೇ ಬೆಸೆದು ಕೊನೆಗೆ ಕಬ್ಬಿಣ ಆಗುತ್ತೆ. ಕಬ್ಬಿಣ ಬೆಸೆದರೆ ಶಕ್ತಿ ಹುಟ್ಟಲ್ಲ, ಲಾಸ್. ಹೊರಕ್ಕೆ ತಳ್ಳೋ ಶಕ್ತಿ ನಿಂತ ಮೇಲೆ ತಿರುಳು ಒಂದು ಸೆಕೆಂಡಿನೊಳಗೆ ಕುಸಿಯುತ್ತೆ, ಹೊರಗಿನದೆಲ್ಲಾ ಸಿಡಿಯುತ್ತೆ. ಅದೇ ಸೂಪರ್‌ನೋವಾ. ಉಳಿಯೋದು ನ್ಯೂಟ್ರಾನ್ ನಕ್ಷತ್ರ, ಇನ್ನೂ ಭಾರ ಇದ್ದರೆ ಕಪ್ಪು ಕುಳಿ.

ಆರಿದ್ರಾ ಸಿಡಿದರೆ ಹಗಲಲ್ಲೂ ಕಾಣುತ್ತೆ. ಆದರೆ ದೂರ 500 ಜ್ಯೋತಿರ್ವರ್ಷಕ್ಕೂ ಹೆಚ್ಚು, ಹಾಗಾಗಿ ನಮಗೆ ಅಪಾಯ ಇಲ್ಲ. ಪ್ರಳಯ ಅಂತ ಯಾರಾದರೂ ಮೆಸೇಜ್ ಕಳಿಸಿದರೆ ಫಾರ್ವರ್ಡ್ ಮಾಡಬೇಡಿ. ಇಂಥದ್ದೊಂದು 1054ರಲ್ಲಿ ವೃಷಭ ರಾಶಿಯಲ್ಲಿ ಕಂಡಿತ್ತು. 23 ದಿನ ಹಗಲಲ್ಲೇ ಕಾಣಿಸಿತು ಅಂತ ಚೀನಾದವರು ಬರೆದಿಟ್ಟಿದ್ದಾರೆ. ಅದರ ಅವಶೇಷವೇ ಏಡಿ ನೀಹಾರಿಕೆ. ನಡುವಿನ ನ್ಯೂಟ್ರಾನ್ ನಕ್ಷತ್ರ ಸೆಕೆಂಡಿಗೆ 30 ಸುತ್ತು ತಿರುಗುತ್ತಿದೆ.

ಇದರಿಂದ ನಮಗೇನು?

ಸಿಡಿದ ಸರಕು ವ್ಯರ್ಥ ಆಗಲ್ಲ. ಬೇರೆ ಮೋಡಗಳಿಗೆ ಸೇರಿ ಹೊಸ ನಕ್ಷತ್ರ, ಹೊಸ ಗ್ರಹ ಆಗುತ್ತೆ. ನಮ್ಮ ರಕ್ತದ ಕಬ್ಬಿಣ, ಮೂಳೆಯ ಕ್ಯಾಲ್ಸಿಯಂ, ಅಂಗಡಿ ತಕ್ಕಡಿಯ ಬಟ್ಟು ಎಲ್ಲವೂ ಸೂರ್ಯ ಹುಟ್ಟೋಕೆ ಮೊದಲೇ ಸತ್ತ ನಕ್ಷತ್ರಗಳದ್ದು. ಚಿನ್ನದಂಥ ಭಾರದ ಧಾತುಗಳು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಹುಟ್ಟುತ್ತವೆ ಅನ್ನೋದಕ್ಕೆ 2017ರ ಆಗಸ್ಟ್‌ನಲ್ಲಿ ಪುರಾವೆ ಸಿಕ್ಕಿತು. ಕೋಲಾರದಲ್ಲಿ ನೆಲ ಅಗೆದು ತೆಗೆದ ಚಿನ್ನವೂ ಭೂಮಿ ಹುಟ್ಟೋಕೆ ಮೊದಲೇ ಆಕಾಶದಲ್ಲಿ ತಯಾರಾಗಿದ್ದು.

ಮಕ್ಕಳಿಗೆ ತೋರಿಸೋಕೆ ಟೆಲಿಸ್ಕೋಪ್ ಬೇಕಿಲ್ಲ. ಅಮಾವಾಸ್ಯೆ ಹತ್ತಿರದ ದಿನ, ಬೀದಿ ದೀಪ ಇಲ್ಲದ ಹೊಲದ ಕಡೆ ಹೋಗಿ. ಮೊಬೈಲ್ ಒಳಗಿಟ್ಟು ಹತ್ತು ನಿಮಿಷ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಮೊದಲು ಮೂರು ನಕ್ಷತ್ರ ಹಿಡಿಯಿರಿ, ಉತ್ತರಕ್ಕೆ ಆರಿದ್ರಾ, ವಾಯವ್ಯಕ್ಕೆ ರೋಹಿಣಿ, ಅದರಾಚೆ ಕೃತ್ತಿಕೆ. ನೀವು ನೋಡೋ ಆರಿದ್ರಾದ ಬೆಳಕು ಅಲ್ಲಿಂದ ಹೊರಟಾಗ ಇಲ್ಲಿ ವಿಜಯನಗರದ ಅರಸರ ಕಾಲ.