ಲಿಬರೇಟರ್ ಮಾದರಿ: ಕುಗ್ಗುವುದೇನು, ಕುಗ್ಗದಿರುವುದೇನು?

ಎರಡನೆಯ ಮಹಾಯುದ್ಧದ ಬಾಂಬರ್ ವಿಮಾನವೊಂದರ ಹಳೆಯ ಪ್ಲಾಸ್ಟಿಕ್ ಕಿಟ್ ನಿಮ್ಮ ಕೈಗೆ ಸಿಕ್ಕಿದೆ ಎಂದುಕೊಳ್ಳಿ. ಉದಾಹರಣೆಗೆ, ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1960ರ ದಶಕದಲ್ಲಿ ಹೊರತಂದ ಬಿ-24 ಲಿಬರೇಟರ್. ಪೆಟ್ಟಿಗೆಯ ಮೇಲೆ 1:72 ಎಂಬ ಅನುಪಾತವಿರುತ್ತದೆ. ಅಂದರೆ ನಿಜ ವಿಮಾನದ 72 ಸೆಂ.ಮೀ. ಉದ್ದ ಮಾದರಿಯಲ್ಲಿ 1 ಸೆಂ.ಮೀ. ಆಗುತ್ತದೆ. ಹಾಗಾದರೆ ಎಲ್ಲವನ್ನೂ 72ರಿಂದ ಭಾಗಿಸಿದರೆ ಮಾದರಿ ಸಿದ್ಧವಾಯಿತೇ? ಇಲ್ಲ. ಕೆಲವು ಗುಣಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಮಾದರಿ ಕಟ್ಟುವವರ ಕಷ್ಟವೂ ಕಲಿಕೆಯೂ ಅಲ್ಲಿಯೇ ಇದೆ.

ಬೆಂಗಳೂರಿನ ನಂಟು

ಲಿಬರೇಟರ್ ಅಮೆರಿಕದ ಕನ್ಸಾಲಿಡೇಟೆಡ್ ಕಂಪನಿಯ ವಿನ್ಯಾಸ. 1939ರ ಡಿಸೆಂಬರ್ 29ರಂದು ಮೊದಲು ಹಾರಿತು. ಮುಂದೆ 18,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಅನೇಕ ಲಿಬರೇಟರ್‌ಗಳನ್ನು ಮತ್ತೆ ಹಾರದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಯಿತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ (ಇಂದಿನ ಎಚ್‌ಎಎಲ್) ಅವುಗಳಲ್ಲಿ 40ಕ್ಕೂ ಹೆಚ್ಚನ್ನು ದುರಸ್ತಿ ಮಾಡಿತು. ಅಲ್ಲಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದು ಪೂರ್ಣವಾಗಿ ಸರಿಪಡಿಸಿತು. 1948ರಲ್ಲಿ ಭಾರತೀಯ ವಾಯುಪಡೆಗೆ ಸೇರಿದ ಈ ವಿಮಾನಗಳು 1968ರವರೆಗೆ ದುಡಿದವು. ಬ್ರಿಟನ್, ಕೆನಡಾ, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿ ಇಂದು ಉಳಿದಿರುವ ಕೆಲವು ಲಿಬರೇಟರ್‌ಗಳು ಹೀಗೆ ಮರುಹುಟ್ಟು ಪಡೆದವೇ.

ಉದ್ದ, ದಪ್ಪ, ತೂಕ

ನಿಜ ವಿಮಾನದ ರೆಕ್ಕೆಗಳ ಹರವು ಸುಮಾರು 33.5 ಮೀಟರ್. ಮಾದರಿಯಲ್ಲಿ ಅದು 46.5 ಸೆಂ.ಮೀ. ಇದು ಸರಿಹೊಂದುತ್ತದೆ. ಆದರೆ ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗೋಡೆ ನಿಜ ವಿಮಾನದಲ್ಲಿ 72 ಮಿ.ಮೀ. ದಪ್ಪದ ತಗಡಿಗೆ ಸಮ! ಹಳೆಯ ಕಿಟ್‌ಗಳ ಮೇಲ್ಮೈಯಲ್ಲಿ ಉಬ್ಬಿ ನಿಂತ ರಿವೆಟ್‌ಗಳನ್ನು ನೋಡಿ. ಅರ್ಧ ಮಿಲಿಮೀಟರ್ ಅಗಲದ ಒಂದು ರಿವೆಟ್ ನಿಜದಲ್ಲಿ 36 ಮಿ.ಮೀ. ಅಗಲವಿರಬೇಕಾಗುತ್ತದೆ. ಅಂಥ ರಿವೆಟ್ ಯಾವ ವಿಮಾನದಲ್ಲಿಯೂ ಇಲ್ಲ. ಆದ್ದರಿಂದ ನಯವಾದ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ, ಹಗುರವಾಗಿ ಉಜ್ಜಿ ಅವನ್ನು ತಗ್ಗಿಸಿ.

ತೂಕದ ಲೆಕ್ಕ ಇನ್ನೂ ಸ್ವಾರಸ್ಯಕರ. ಉದ್ದ 72 ಪಟ್ಟು ಕುಗ್ಗಿದರೆ ಗಾತ್ರ 72×72×72, ಅಂದರೆ 3,73,248 ಪಟ್ಟು ಕುಗ್ಗುತ್ತದೆ. ಖಾಲಿ ವಿಮಾನದ ತೂಕ ಸುಮಾರು 16,500 ಕಿಲೋಗ್ರಾಂ. ಅದನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬರುವುದು 44 ಗ್ರಾಂ ಮಾತ್ರ!

ಲಿಬರೇಟರ್ ನಿಲ್ಲುವುದು ಮೂಗಿನಡಿಯ ಒಂದು ಚಕ್ರ ಮತ್ತು ರೆಕ್ಕೆಯಡಿಯ ಎರಡು ಚಕ್ರಗಳ ಮೇಲೆ. ಮಾದರಿಯಲ್ಲಿ ತೂಕದ ಹಂಚಿಕೆ ನಿಜ ವಿಮಾನದಂತಿರುವುದಿಲ್ಲ. ಗುರುತ್ವಕೇಂದ್ರ ರೆಕ್ಕೆಯಡಿಯ ಚಕ್ರಗಳ ಹಿಂದಕ್ಕೆ ಬೀಳುವುದರಿಂದ ಮಾದರಿ ಬಾಲದ ಮೇಲೆ ಕುಳಿತುಬಿಡುತ್ತದೆ. ಒಡಲಿನ ಎರಡು ಹೋಳುಗಳನ್ನು ಅಂಟಿಸುವ ಮೊದಲೇ ಮೂಗಿನೊಳಗೆ ಭಾರ ಇಡಿ. ಆನಿಕೆಯಿಂದ 4 ಸೆಂ.ಮೀ. ದೂರದ 20 ಗ್ರಾಂ ಮಾಡುವ ಕೆಲಸವನ್ನು 8 ಸೆಂ.ಮೀ. ದೂರದ 10 ಗ್ರಾಂ ಮಾಡುತ್ತದೆ. ಆದ್ದರಿಂದ ಭಾರವು ಆದಷ್ಟು ಮುಂದಿರಲಿ. ಸಣ್ಣ ಉಕ್ಕಿನ ನಟ್ಟುಗಳು ಸಾಕು.

ಜೋಡಣೆಯ ರಸಾಯನ

ಅಚ್ಚಿನಿಂದ ಬಂದ ಭಾಗಗಳ ಮೇಲೆ ಜಿಡ್ಡಿನ ತೆಳುಪದರ ಇರಬಹುದು. ಮೊದಲು ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ. ಕಿಟ್‌ನ ಭಾಗಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು. ಇದಕ್ಕೆ ಬಳಸುವ ಅಂಟಿನಲ್ಲಿ ಬ್ಯುಟನೋನ್‌ನಂಥ ದ್ರಾವಕವಿರುತ್ತದೆ. ಅದು ಎರಡೂ ಅಂಚುಗಳನ್ನು ಕರಗಿಸುತ್ತದೆ. ಕರಗಿದ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಸರಪಣಿಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆವಿಯಾದ ಮೇಲೆ ಬೆಸುಗೆ ಹಾಕಿದಂತಹ ಜೋಡಣೆ ಉಳಿಯುತ್ತದೆ. ಅಂಚಿನಲ್ಲಿ ಬಣ್ಣವಿದ್ದರೆ ಈ ಹೆಣಿಗೆ ನಡೆಯದು. ಅದನ್ನು ಕೆರೆದು ತೆಗೆಯಿರಿ.

ಇದೇ ಅಂಟು ಕಿಟಕಿ ಮತ್ತು ಬಂದೂಕು ಗೋಪುರಗಳ ಪಾರದರ್ಶಕ ಭಾಗಗಳನ್ನು ಮಂಕಾಗಿಸುತ್ತದೆ. ಅವಕ್ಕೆ ಮರಗೆಲಸದ ಬಿಳಿ ಅಂಟು ಒಳ್ಳೆಯದು. ನೆನಪಿಡಿ: ದ್ರಾವಕದ ಆವಿ ಹಾನಿಕರ, ಬೆಂಕಿಯನ್ನೂ ಹಿಡಿಯುತ್ತದೆ. ಕಿಟಕಿ ತೆರೆದಿಟ್ಟು, ಒಲೆ-ದೀಪಗಳಿಂದ ದೂರದಲ್ಲಿ ಕೆಲಸ ಮಾಡಿ. ಮಕ್ಕಳ ಜತೆ ಹಿರಿಯರಿರಲಿ.

ಬಣ್ಣವೂ ಕುಗ್ಗಬೇಕೇ?

ಯುದ್ಧದ ಮೊದಲ ವರ್ಷಗಳಲ್ಲಿ ಅಮೆರಿಕದ ಲಿಬರೇಟರ್‌ಗಳ ಮೇಲ್ಭಾಗಕ್ಕೆ ಮಾಸಲು ಆಲಿವ್ ಹಸಿರು, ತಳಕ್ಕೆ ಬೂದು ಬಣ್ಣ ಬಳಿಯುತ್ತಿದ್ದರು. 1944ರ ಹೊತ್ತಿಗೆ ಬಣ್ಣವಿಲ್ಲದ ಅಲ್ಯೂಮಿನಿಯಂ ಮೈ ಸಾಮಾನ್ಯವಾಯಿತು. ಆದ್ದರಿಂದ ಯಾವ ವಿಮಾನ, ಯಾವ ವರ್ಷ ಎಂಬುದನ್ನು ಛಾಯಾಚಿತ್ರ ನೋಡಿ ಮೊದಲು ತೀರ್ಮಾನಿಸಿ.

ಮಾದರಿಯನ್ನು 50 ಸೆಂ.ಮೀ. ದೂರದಿಂದ ನೋಡುವುದೆಂದರೆ ನಿಜ ವಿಮಾನವನ್ನು 36 ಮೀಟರ್ ದೂರದಿಂದ ನೋಡಿದಂತೆ. ದೂರದ ಬೆಟ್ಟ ಪೇಲವವಾಗಿ ಕಾಣುವುದನ್ನು ನೀವು ಗಮನಿಸಿದ್ದೀರಿ. ನಡುವಿನ ಗಾಳಿ ಬೆಳಕನ್ನು ಚದರಿಸುವುದೇ ಇದಕ್ಕೆ ಕಾರಣ. ಹೀಗಾಗಿ ಅನೇಕರು ಮೂಲ ಬಣ್ಣಕ್ಕೆ ತುಸು ಬಿಳಿ ಬೆರೆಸಿ ತಿಳಿಯಾಗಿಸುತ್ತಾರೆ. ಎಷ್ಟು ಎಂಬುದನ್ನು ಕಣ್ಣೇ ನಿರ್ಧರಿಸಬೇಕು. ದಪ್ಪಗೆ ಒಮ್ಮೆ ಬಳಿಯಬೇಡಿ, ತೆಳ್ಳಗೆ ಎರಡು ಮೂರು ಸಲ ಬಳಿಯಿರಿ. ಮೊದಲು ತಳದ ಬೂದು, ಅದು ಒಣಗಿದ ಮೇಲೆ ಹಸಿರು.

ಹಳೆಯ ಕಿಟ್‌ನ ಲಾಂಛನದ ಹಾಳೆ ಹಳದಿಗಟ್ಟಿರಬಹುದು. ಪಾರದರ್ಶಕ ಚೀಲದಲ್ಲಿಟ್ಟು ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿದರೆ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ನೀರಿನಲ್ಲಿ ಹಾಕಿದಾಗ ಒಡೆಯದಿರಲು ಮೊದಲೇ ವಾರ್ನಿಷ್‌ನ ತೆಳುಲೇಪ ಕೊಡಿ. ಹೊಳಪಿಲ್ಲದ ಒರಟು ಬಣ್ಣದ ಮೇಲೆ ಲಾಂಛನ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಮೊದಲು ಹೊಳಪು ವಾರ್ನಿಷ್, ಆಮೇಲೆ ಲಾಂಛನ, ಕೊನೆಗೆ ಹೊಳಪಿಲ್ಲದ ವಾರ್ನಿಷ್. ಇದು ಸರಿಯಾದ ಕ್ರಮ.

ಮಾದರಿ ಮುಗಿದ ಮೇಲೆ ಅದರ ಕೆಳಗೊಂದು ಚೀಟಿ ಇಡಿ. ವಿಮಾನದ ಹೆಸರು, ಅನುಪಾತ, ವರ್ಷ, ಅದು ಮಾಡಿದ ಕೆಲಸ ಅದರಲ್ಲಿರಲಿ. ನಗರಗಳ ಮೇಲೆ ಬಾಂಬು ಸುರಿಸಿದ್ದನ್ನೂ ಬರೆಯಿರಿ, ಗುಜರಿಗೆ ಬಿದ್ದದ್ದನ್ನು ಬೆಂಗಳೂರಿನ ಕುಶಲಿಗಳು ಮತ್ತೆ ಹಾರಿಸಿದ್ದನ್ನೂ ಬರೆಯಿರಿ. ಅಳತೆ 72 ಪಟ್ಟು ಕುಗ್ಗಲಿ, ಚರಿತ್ರೆ ಕುಗ್ಗಬಾರದು.