ಚಿಪ್ ವಿನ್ಯಾಸ: ಮನೆಯಲ್ಲೇ ಕಲಿಯಬಹುದೇ?

ಉಗುರಿನಗಲದ ಸಿಲಿಕಾನ್ ಬಿಲ್ಲೆಯಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು! ಅವನ್ನು ಕೈಯಿಂದ ಬಿಡಿಸಿ ಜೋಡಿಸುವುದು ಅಸಾಧ್ಯ. ಅದಕ್ಕೆಂದೇ ವಿಶೇಷ ತಂತ್ರಾಂಶಗಳಿವೆ. ಆದರೆ ಉದ್ಯಮದಲ್ಲಿ ಬಳಸುವ ಸಿನಾಪ್ಸಿಸ್, ಕೇಡೆನ್ಸ್ ಕಂಪನಿಗಳ ತಂತ್ರಾಂಶ ಕೊಳ್ಳುವುದು ಸಾಮಾನ್ಯ ಕುಟುಂಬದ ಅಳವಲ್ಲ. ಹಾಗಾದರೆ ಆಸಕ್ತ ವಿದ್ಯಾರ್ಥಿ ಏನು ಮಾಡಬೇಕು?

ಯಾರು ಬೇಕಾದರೂ ಉಚಿತವಾಗಿ ಪಡೆದು, ಓದಿ, ತಿದ್ದಬಹುದಾದ ಮುಕ್ತ ತಂತ್ರಾಂಶಗಳಿವೆ. ಸರ್ಕ್ಯೂಟಿನ ವರ್ತನೆಯನ್ನು ಲೆಕ್ಕ ಹಾಕಿ ತೋರಿಸುವ 'ಸ್ಪೈಸ್' 1973ರಲ್ಲೇ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಹೊರಬಂತು. ಇಂದು 'ಯೋಸಿಸ್' ವೆರಿಲಾಗ್ ಭಾಷೆಯಲ್ಲಿ ಬರೆದುದನ್ನು ಲಾಜಿಕ್ ಗೇಟುಗಳಾಗಿ ಮಾರ್ಪಡಿಸುತ್ತದೆ. 2018ರಲ್ಲಿ ಆರಂಭವಾದ 'ಓಪನ್‌ರೋಡ್' ಆ ಗೇಟುಗಳಿಗೆ ಜಾಗ ಗೊತ್ತುಮಾಡಿ ತಂತಿ ಎಳೆಯುತ್ತದೆ.

ಇಷ್ಟೇ ಸಾಲದು. ಮನೆಯ ನಕ್ಷೆ ಬರೆಯುವವನಿಗೆ ಇಟ್ಟಿಗೆಯ ಅಳತೆ ಗೊತ್ತಿರಬೇಕಲ್ಲವೇ? ಹಾಗೆಯೇ ಚಿಪ್ ಕಾರ್ಖಾನೆಯ ಅಳತೆ, ನಿಯಮಗಳೂ ಬೇಕು. ಬಹುಕಾಲ ಗುಟ್ಟಾಗಿದ್ದ ಇಂಥ ನಿಯಮಗಳನ್ನು 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಕಂಪನಿಗಳು 130 ನ್ಯಾನೊಮೀಟರ್ ತಂತ್ರಕ್ಕೆ ಬಹಿರಂಗಪಡಿಸಿದವು. ಅದು ಎರಡು ದಶಕ ಹಳೆಯ ತಂತ್ರ. ಇಂದಿನ ದುಬಾರಿ ಫೋನುಗಳ 3 ನ್ಯಾನೊಮೀಟರ್ ನಿಯಮಗಳು ಈಗಲೂ ಗುಟ್ಟೇ. ಹಲವರ ವಿನ್ಯಾಸಗಳನ್ನು ಒಟ್ಟುಗೂಡಿಸಿ ಚಿಪ್ ಮಾಡಿಸಿಕೊಡುತ್ತಿದ್ದ ಇಫ್ಯಾಬ್ಲೆಸ್ ಕಂಪನಿಯೂ 2025ರಲ್ಲಿ ಬಾಗಿಲು ಮುಚ್ಚಿತು.

ಆದ್ದರಿಂದ ಇದನ್ನು ಕಲಿತೊಡನೆ ನೌಕರಿ ಖಚಿತವೆಂದು ಪೋಷಕರು ಭಾವಿಸಬಾರದು. ಆದರೆ ಸೈಕಲ್ ಕಲಿತವನಿಗೆ ಬೈಕ್ ಕಷ್ಟವಲ್ಲ. ಮುಂಬಯಿ ಐಐಟಿಯ ಉಚಿತ 'ಇ-ಸಿಮ್'ನಿಂದಲೂ ಆರಂಭಿಸಬಹುದು. ವಿದ್ಯಾರ್ಥಿಗಳೇ, ಪಿಯುಸಿಯಲ್ಲಿ ಓದಿದ ಲಾಜಿಕ್ ಗೇಟುಗಳಿಂದ ಎರಡು ಅಂಕಿ ಕೂಡುವ ಸರ್ಕ್ಯೂಟೊಂದನ್ನು ಈ ರಜೆಯಲ್ಲಿ ರಚಿಸಿ ನೋಡಿ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಆಗ ನಿಜವಾಗಿ ಅರ್ಥವಾಗುತ್ತದೆ.